ಫೋನ್ ಬಿಡದೆ ಓದು ಸಾಗಿಸುವುದು ಹೇಗೆ? ಕಾಲೇಜು ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

‘ಫೋನ್ ಕೈಲಿದ್ದರೆ ಓದೋಕಾಗಲ್ಲ, ಇಲ್ಲದಿದ್ದರೆ ಕಾಲೇಜೇ ನಡೆಯಲ್ಲ. ಏನು ಮಾಡಲಿ?’ ಪಿಯುಸಿ, ಪದವಿ ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬಿಟ್ಟುಬಿಡಿ ಎಂದು ಹೇಳುವುದು ಹೇಳುವವರಿಗೆ ಸುಲಭ. ಆದರೆ ಸಿಇಟಿ ಆಪ್ಷನ್ ಎಂಟ್ರಿ ಕೆಇಎ ಜಾಲತಾಣದಲ್ಲಿ, ಪದವಿ ಪ್ರವೇಶ ಯುಯುಸಿಎಂಎಸ್‌ನಲ್ಲಿ, ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿಯಲ್ಲಿ, ಬಸ್ ಪಾಸ್ ಸೇವಾಸಿಂಧುವಿನಲ್ಲಿ. ನಾಳೆ ಮೊದಲ ಪೀರಿಯಡ್ ಇದೆಯೋ ಇಲ್ಲವೋ ಎಂಬುದೂ ಗೊತ್ತಾಗುವುದು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೇ. ಬಿಡುವ ಮಾತು ಎಲ್ಲಿಂದ ಬಂತು?

ಲಾಭ, ನಷ್ಟ ಎರಡೂ ಒಂದೇ ಪರದೆಯಿಂದ ಬರುತ್ತವೆ. ಹೊಸ ಫೋನಿನ ಸೆಟ್ಟಿಂಗ್‌ಗಳು ಹೆಚ್ಚಾಗಿ ಆ್ಯಪ್ ಮಾಡಿದವರಿಗೆ ಅನುಕೂಲವಾಗುವಂತೆಯೇ ಇರುತ್ತವೆ, ಏಕೆಂದರೆ ಅವರಲ್ಲಿ ಬಹಳಷ್ಟು ಮಂದಿಯ ಆದಾಯ ನಿಂತಿರುವುದು ನೀವು ಪರದೆ ನೋಡುವ ಹೊತ್ತಿನ ಮೇಲೆ. ‘ನಾಳೆಯಿಂದ ಮುಟ್ಟಲ್ಲ’ ಎಂದು ಆಣೆ ಹಾಕುವುದಕ್ಕಿಂತ ಆ ಸೆಟ್ಟಿಂಗ್‌ಗಳನ್ನು ಒಮ್ಮೆ ಕೂತು ಬದಲಿಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಅದನ್ನು ಮಾಡುವ ಬಗೆ ಮುಂದಿದೆ.

ಬೇಕಾದದ್ದು ಇಷ್ಟು: ಪೂರ್ತಿ ಚಾರ್ಜ್ ಆದ ಫೋನ್, ಎರಡು ಗಂಟೆ ಬಿಡುವು, ಒಂದು ನೋಟ್‌ಬುಕ್, ಆಧಾರ್‌ಗೆ ಜೋಡಿಸಿದ ಸಿಮ್ ಮತ್ತು ಒಂದು ಸಾದಾ ಅಲಾರಂ ಗಡಿಯಾರ. ಇಲ್ಲಿ ಕೊಟ್ಟಿರುವ ಮೆನು ಹೆಸರುಗಳು ಆಂಡ್ರಾಯ್ಡ್‌ನವು. ಸ್ಯಾಮ್‌ಸಂಗ್, ರೆಡ್‌ಮಿ, ವಿವೊ, ರಿಯಲ್‌ಮಿಗಳಲ್ಲಿ ಹೆಸರು, ಜಾಗ ಕೊಂಚ ಬೇರೆ ಇರಬಹುದು. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿರುವ ಹುಡುಕು ಪೆಟ್ಟಿಗೆಯಲ್ಲಿ ಆ ಪದ ಟೈಪ್ ಮಾಡಿ.

ಹಂತ 1: ಮೊದಲು ಲೆಕ್ಕ ನೋಡಿ

ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ತೆರೆಯಿರಿ. ಐಫೋನ್‌ನಲ್ಲಿ ಇದರ ಹೆಸರು ‘ಸ್ಕ್ರೀನ್ ಟೈಮ್’. ಕಳೆದ ಏಳು ದಿನಗಳ ಮೂರು ಅಂಕಿಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ: ಪ್ರತಿ ಆ್ಯಪ್‌ಗೆ ಹೋದ ಸಮಯ, ದಿನಕ್ಕೆ ಎಷ್ಟು ಸಲ ಫೋನ್ ಅನ್‌ಲಾಕ್ ಮಾಡಿದಿರಿ, ಎಷ್ಟು ನೋಟಿಫಿಕೇಶನ್ ಬಂದವು.

ಒಟ್ಟು ಗಂಟೆ ನೋಡಿ ಗಾಬರಿಯಾಗಬೇಡಿ. ಎರಡು ಗಂಟೆ ಭೌತಶಾಸ್ತ್ರದ ಪಾಠ ಕೇಳಿದ್ದೂ, ಎರಡು ಗಂಟೆ ಶಾರ್ಟ್ಸ್ ನೋಡಿದ್ದೂ ಅಲ್ಲಿ ‘ಯೂಟ್ಯೂಬ್ 4 ಗಂಟೆ’ ಎಂದೇ ಕಾಣುತ್ತದೆ. ಹೆಚ್ಚು ಹೇಳುವುದು ಅನ್‌ಲಾಕ್ ಸಂಖ್ಯೆ. ದಿನಕ್ಕೆ 90 ಸಲ ಎಂದಿದ್ದರೆ, ಎಚ್ಚರವಿರುವ 15 ಗಂಟೆಗಳಲ್ಲಿ ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಕೈ ಫೋನಿಗೆ ಹೋಗಿದೆ ಎಂದರ್ಥ. ಹತ್ತು ನಿಮಿಷದ ತುಣುಕುಗಳಲ್ಲಿ ಒಂದು ಇಂಟಿಗ್ರೇಶನ್ ಲೆಕ್ಕವೂ ನೆಟ್ಟಗೆ ಮುಗಿಯುವುದಿಲ್ಲ.

ಹಂತ 2: ನೋಟಿಫಿಕೇಶನ್ ಸೋಸಿ

ಎರಡು ಗಂಟೆಯಲ್ಲಿ ಹೆಚ್ಚು ಪಾಲು ಇಲ್ಲಿಗೇ ಹೋಗುತ್ತದೆ, ಹೋಗಲಿ. ಸೆಟ್ಟಿಂಗ್ಸ್ → ನೋಟಿಫಿಕೇಶನ್ಸ್ → ಆ್ಯಪ್ ನೋಟಿಫಿಕೇಶನ್ಸ್. ಉಳಿಸಿಕೊಳ್ಳಬೇಕಾದವು ಕರೆ, ಎಸ್‌ಎಂಎಸ್, ಬ್ಯಾಂಕ್ ಮತ್ತು ಯುಪಿಐ ಆ್ಯಪ್, ಕ್ಯಾಲೆಂಡರ್, ವಾಟ್ಸ್‌ಆ್ಯಪ್. ಇನ್‌ಸ್ಟಾಗ್ರಾಂ, ಯೂಟ್ಯೂಬ್, ಆಟ, ಶಾಪಿಂಗ್, ಸುದ್ದಿ ಎಲ್ಲವನ್ನೂ ಬಂದ್ ಮಾಡಿ.

ಕೆಲವು ಆ್ಯಪ್‌ಗಳನ್ನು ಪೂರ್ತಿ ಬಂದ್ ಮಾಡಲಾಗದು. ಊಟ ತರಿಸುವ ಆ್ಯಪ್ ಬಂದ್ ಆದರೆ ಡೆಲಿವರಿಯವರು ಗೇಟಿನ ಬಳಿ ಬಂದದ್ದೇ ತಿಳಿಯುವುದಿಲ್ಲ. ಅಂಥ ಆ್ಯಪ್‌ನ ಹೆಸರನ್ನು ಒತ್ತಿದರೆ ಒಳಗೆ ವಿಭಾಗಗಳು ಸಿಗುತ್ತವೆ: ಆರ್ಡರ್ ಮಾಹಿತಿ ಒಂದು, ಆಫರ್‌ಗಳು ಇನ್ನೊಂದು. ಆಫರ್‌ಗಳನ್ನು ಮಾತ್ರ ಬಂದ್ ಮಾಡಿ.

ವಾಟ್ಸ್‌ಆ್ಯಪ್‌ನಲ್ಲಿ ಗುಂಪುಗಳನ್ನು ‘ಮ್ಯೂಟ್’ ಮಾಡುವಾಗ ‘ಯಾವಾಗಲೂ’ ಆಯ್ಕೆ ಮಾಡಿ, ಬಳಿಕ ಆರ್ಕೈವ್‌ಗೆ ತಳ್ಳಿ. ಆರ್ಕೈವ್ ಎಂದರೆ ಕಣ್ಣಿಗೆ ಬೀಳದಂತೆ ಬದಿಗಿಡುವುದು, ಅಳಿಸುವುದಲ್ಲ. ತರಗತಿಯ ಗುಂಪನ್ನು ಮಾತ್ರ ಹೊರಗಿಡಿ. ಸೆಟ್ಟಿಂಗ್ಸ್ → ಪ್ರೈವೆಸಿ → ಗ್ರೂಪ್ಸ್‌ನಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಎಂದು ಬದಲಿಸಿದರೆ ಗೊತ್ತಿಲ್ಲದವರು ನಿಮ್ಮನ್ನು ಕಂಡಕಂಡ ಗುಂಪಿಗೆ ಸೇರಿಸುವುದು ನಿಲ್ಲುತ್ತದೆ. ಹಂತ 5ರಲ್ಲಿ ಹೇಳುವ ‘ಮನೆಯಲ್ಲೇ ಕೂತು ಸಂಪಾದಿಸಿ’ ವಂಚನೆ ಎಷ್ಟೋ ಸಲ ಶುರುವಾಗುವುದು ಹೀಗೆ ಸೇರಿಸಿದ ಗುಂಪಿನಿಂದಲೇ.

ಜಾಹೀರಾತು ಎಸ್‌ಎಂಎಸ್‌ಗಳ ಕಾಟ ತಾಳದೆ ಎಸ್‌ಎಂಎಸ್ ನೋಟಿಫಿಕೇಶನ್ನನ್ನೇ ಬಂದ್ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ಖಾತೆಯಿಂದ ಹಣ ಹೋದಾಗ ಮೊದಲು ಬರುವ ಸುಳಿವು ಅದೇ.

ಹಂತ 3: ಮುಗಿಯದ ವಿಡಿಯೊಗೆ ಕೊನೆ ಹಾಕಿ

ರೀಲ್ಸ್, ಶಾರ್ಟ್ಸ್‌ಗಳು ಹಿಡಿದಿಡುವುದಕ್ಕೆ ಕಾರಣ ಎರಡು. ಒಂದು, ಪಟ್ಟಿಗೆ ಕೊನೆಯಿಲ್ಲ, ಆದ್ದರಿಂದ ‘ಇಲ್ಲಿಗೆ ಸಾಕು’ ಅನ್ನಿಸುವ ಜಾಗವೇ ಬರುವುದಿಲ್ಲ. ಎರಡು, ನೀವು ಯಾವುದನ್ನು ಎಷ್ಟು ಸೆಕೆಂಡ್ ನೋಡಿದಿರಿ ಎಂಬ ದಾಖಲೆಯಿಂದ ಮುಂದಿನದನ್ನು ಆರಿಸಲಾಗುತ್ತದೆ. ಹೀಗೆ ಆರಿಸುವ ಲೆಕ್ಕಾಚಾರಕ್ಕೆ ಆಲ್ಗರಿದಂ ಎನ್ನುತ್ತಾರೆ. ಆ ದಾಖಲೆ ಕೈಗೆ ಸಿಗದಂತೆ ಮಾಡಿದರೆ ಅದರ ಹಿಡಿತ ಸಡಿಲವಾಗುತ್ತದೆ.

ಯೂಟ್ಯೂಬ್‌ನಲ್ಲಿ ಪ್ರೊಫೈಲ್ → ಸೆಟ್ಟಿಂಗ್ಸ್ → ‘ಮ್ಯಾನೇಜ್ ಆಲ್ ಹಿಸ್ಟರಿ’ಗೆ ಹೋಗಿ. ಹಳೆಯ ಇತಿಹಾಸವನ್ನು ಅಳಿಸಿ, ನಂತರ ‘ವಾಚ್ ಹಿಸ್ಟರಿ’ ಬಂದ್ ಮಾಡಿ. ಎರಡನ್ನೂ ಮಾಡಬೇಕು. ಬರೀ ಬಂದ್ ಮಾಡಿದರೆ ಹಳೆಯ ದಾಖಲೆಯ ಮೇಲೆಯೇ ಶಿಫಾರಸು ಬರುತ್ತಿರುತ್ತದೆ. 2023ರಿಂದೀಚೆಗೆ ಹೀಗೆ ಮಾಡಿದವರ ಮುಖಪುಟ ಖಾಲಿಯಾಗಿ ತೆರೆದುಕೊಳ್ಳುತ್ತದೆ. ಹುಡುಕಾಟ, ಚಂದಾದಾರಿಕೆ, ಪ್ಲೇಲಿಸ್ಟ್ ಮೊದಲಿನಂತೆಯೇ ಇರುತ್ತವೆ. ಅರ್ಧಕ್ಕೆ ಬಿಟ್ಟ ಪಾಠ ಎಲ್ಲಿತ್ತೆಂದು ಮಾತ್ರ ಅದಕ್ಕೆ ನೆನಪಿರುವುದಿಲ್ಲ. ಹಾಗಾಗಿ ಪಾಠಗಳನ್ನು ವಿಷಯವಾರು ಪ್ಲೇಲಿಸ್ಟ್ ಮಾಡಿಟ್ಟು, ನಿಲ್ಲಿಸಿದ ನಿಮಿಷವನ್ನು ನೋಟ್ಸ್‌ನ ಅಂಚಿನಲ್ಲಿ ಬರೆಯಿರಿ. ‘ಆಟೊಪ್ಲೇ’ಯನ್ನೂ ಬಂದ್ ಮಾಡಿ.

ಇನ್‌ಸ್ಟಾಗ್ರಾಂನಲ್ಲಿ ಪ್ರೊಫೈಲ್ ಮೇಲಿನ ಮೂರು ಗೆರೆ ಒತ್ತಿದರೆ ‘ಟೈಮ್ ಮ್ಯಾನೇಜ್‌ಮೆಂಟ್’ ಸಿಗುತ್ತದೆ. ದಿನದ ಮಿತಿ, ರಾತ್ರಿಯ ಸ್ಲೀಪ್ ಮೋಡ್ ಎರಡೂ ಅಲ್ಲಿವೆ. 18 ತುಂಬದವರಿಗೆ ಭಾರತದಲ್ಲಿ 2025ರಿಂದ ‘ಟೀನ್ ಅಕೌಂಟ್’ ಬಂದಿದ್ದು, 60 ನಿಮಿಷದ ನೆನಪೋಲೆಯೂ ರಾತ್ರಿ 10ರಿಂದ ಬೆಳಿಗ್ಗೆ 7ರ ತನಕದ ಮೌನವೂ ಅದರಲ್ಲಿ ತಾನಾಗಿಯೇ ಇರುತ್ತವೆ. ಹುಟ್ಟಿದ ಇಸವಿ ಸುಳ್ಳು ಕೊಟ್ಟವರಿಗೆ ಅದು ಸಿಗುವುದಿಲ್ಲ, ಅಷ್ಟೇ.

ನೇರವಾಗಿ ಹೇಳಬೇಕೆಂದರೆ, ಟೈಮರ್‌ಗಳು ದುರ್ಬಲ. ‘ಇವತ್ತಿನ ಮಿತಿ ಮುಗಿಯಿತು’ ಎಂಬ ಫಲಕ ಬಂದರೆ ಎರಡು ಸಲ ಒತ್ತಿ ದಾಟಬಹುದು. ಒಂದು ವಾರದಲ್ಲಿ ಬೆರಳಿಗೆ ಅದೂ ರೂಢಿಯಾಗುತ್ತದೆ. ಬಲವಾದ ಉಪಾಯ, ಆ್ಯಪ್ ಅಳಿಸಿ ಬೇಕಾದಾಗ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಹಾಕಿ ನೋಡುವುದು. ಖಾತೆ ಉಳಿಯುತ್ತದೆ, ಗೆಳೆಯರ ಸಂದೇಶವೂ ಸಿಗುತ್ತದೆ. ಆದರೆ ಪ್ರತಿ ಸಲ ಲಾಗಿನ್ ಆಗುವ ತಾಪತ್ರಯಕ್ಕೇ ಅರ್ಧ ಸಲ ಬೇಡವೆನ್ನಿಸುತ್ತದೆ. ‘ಪಾಸ್‌ವರ್ಡ್ ಉಳಿಸಲೇ?’ ಎಂದು ಬ್ರೌಸರ್ ಕೇಳಿದರೆ ‘ಬೇಡ’ ಒತ್ತದಿದ್ದರೆ ಈ ಉಪಾಯವೇ ವ್ಯರ್ಥ.

ಹಂತ 4: ಓದುವ ಹೊತ್ತಿನಲ್ಲಿ ಫೋನ್ ಎಲ್ಲಿರಬೇಕು

ಪುಸ್ತಕದಿಂದ ಓದುವಾಗ ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಹಾಸ್ಟೆಲ್‌ನಲ್ಲಾದರೆ ಬೀಗ ಹಾಕಿದ ಟ್ರಂಕು ಅಥವಾ ಬೀರುವಿನಲ್ಲಿ. ಮೇಜಿನ ಮೇಲೆ ಬೋರಲು ಮಾಡಿಟ್ಟರೆ ಕೈ ಅಲ್ಲಿಗೇ ಹೋಗುತ್ತಿರುತ್ತದೆ.

ಫೋನ್‌ನಿಂದಲೇ ಓದಬೇಕಾದಾಗ ಮೊದಲೇ ಇಳಿಸಿಟ್ಟುಕೊಂಡು ಏರೋಪ್ಲೇನ್ ಮೋಡ್ ಹಾಕಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಶಾಲಾ ಪುಸ್ತಕಗಳು, ಎನ್‌ಸಿಇಆರ್‌ಟಿ ಪುಸ್ತಕಗಳು ಪಿಡಿಎಫ್ ಆಗಿ ಉಚಿತ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳಿಗೂ ದುಡ್ಡಿಲ್ಲ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ ಹಾಕಿಸಿಕೊಂಡವರಲ್ಲಿ ‘ಉಳಿದ ಡೇಟಾ ಖಾಲಿ ಮಾಡಿಯೇ ಮಲಗುವ’ ಅಭ್ಯಾಸವೊಂದಿದೆ. ಆ ಡೇಟಾವನ್ನು ರಾತ್ರಿ ಎಂಟಕ್ಕೇ ಮರುದಿನದ ಪಾಠ ಇಳಿಸಲು ಬಳಸಿ.

ವಿಡಿಯೊ ಪಾಠದ ದೊಡ್ಡ ಮೋಸವೆಂದರೆ ನೋಡಿದ್ದೆಲ್ಲ ಅರ್ಥವಾದಂತೆ ಅನ್ನಿಸುವುದು. ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ, ಪರದೆ ನೋಡದೆ, ಕೇಳಿದ್ದನ್ನು ಅರ್ಧ ಪುಟ ಬರೆಯಿರಿ. ಬರೆಯಲಾಗದಿದ್ದರೆ ಆ ಹದಿನೈದು ನಿಮಿಷವನ್ನು ಮತ್ತೆ ನೋಡಬೇಕು. 1.5 ಪಟ್ಟು ವೇಗದಲ್ಲಿ ಓಡಿಸುವುದು ಪುನರಾವರ್ತನೆಗೆ ಸರಿ, ಹೊಸ ಪಾಠಕ್ಕಲ್ಲ.

ಕನ್ನಡ ಮಾಧ್ಯಮದಿಂದ ಬಂದು ಪಿಯುಸಿ ವಿಜ್ಞಾನಕ್ಕೆ ಸೇರಿದವರಿಗೆ ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ಸಹಾಯಕಗಳಿಂದ ನಿಜವಾದ ಉಪಯೋಗವಿದೆ. ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾ ಕೊಟ್ಟು ‘ಇದನ್ನು ಸರಳ ಕನ್ನಡದಲ್ಲಿ ವಿವರಿಸು, ಪಾರಿಭಾಷಿಕ ಪದಗಳನ್ನು ಇಂಗ್ಲಿಷ್‌ನಲ್ಲೇ ಉಳಿಸು’ ಎಂದು ಕೇಳಿ. ಎರಡನೆಯ ಭಾಗ ಮುಖ್ಯ, ಏಕೆಂದರೆ ಪರೀಕ್ಷೆಯಲ್ಲಿ ಬರೆಯಬೇಕಾದದ್ದು ‘ಮೊಮೆಂಟಮ್’. ಕನ್ನಡದಲ್ಲಿ ‘ಸಂವೇಗ’ ಎಂದು ಮಾತ್ರ ಕಲಿತರೆ ಇನ್ನೊಂದು ತೊಡಕು. ಲೆಕ್ಕದ ಉತ್ತರ ಕೇಳುವ ಬದಲು ‘ಮುಂದಿನ ಒಂದೇ ಹೆಜ್ಜೆ ಹೇಳು’ ಎನ್ನಿ. ಇವು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ಇಲ್ಲದ ಪುಸ್ತಕ, ಇಲ್ಲದ ಪುಟ ಸಂಖ್ಯೆಯನ್ನೂ ಸೃಷ್ಟಿಸುತ್ತವೆ. ಪಠ್ಯಪುಸ್ತಕದಲ್ಲಿ ಸಿಗದ ಸೂತ್ರವನ್ನು ನೋಟ್ಸ್‌ಗೆ ಇಳಿಸಬೇಡಿ.

ಹಂತ 5: ಹಣದ ಬಾಗಿಲು

ಒಂದೇ ಖಾತೆ, ಅದರಲ್ಲೇ ಶುಲ್ಕದ ಹಣ, ವಿದ್ಯಾರ್ಥಿವೇತನ, ಅದಕ್ಕೇ ಯುಪಿಐ. ಬಹುತೇಕರ ಸ್ಥಿತಿ ಇದು, ಅಪಾಯವೂ ಇಲ್ಲೇ. ಎರಡು ಖಾತೆ ಇಟ್ಟುಕೊಳ್ಳಿ. ಯುಪಿಐಗೆ ಜೋಡಿಸುವ ಖಾತೆಯಲ್ಲಿ ವಾರದ ಖರ್ಚಿನಷ್ಟು ಮಾತ್ರ ಇರಲಿ.

ಸ್ವಂತ ಖಾತೆ ಇಲ್ಲದವರಿಗೆ ‘ಯುಪಿಐ ಸರ್ಕಲ್’ ಇದೆ. ಅಪ್ಪ ಅಥವಾ ಅಮ್ಮ ತಮ್ಮ ಯುಪಿಐಗೆ ನಿಮ್ಮನ್ನು ಸೇರಿಸುತ್ತಾರೆ. ಪ್ರತಿ ಪಾವತಿಗೂ ಅವರ ಒಪ್ಪಿಗೆ ಬೇಕೆಂದು ಇಡಬಹುದು, ಇಲ್ಲವೇ ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂಪಾಯಿ ಮೀರದಂತೆ ಮಿತಿ ಹಾಕಿ ಬಿಡಬಹುದು. ಸಣ್ಣ ಪಾವತಿಗಳಿಗೆ ಪಿನ್ ಕೇಳದ ‘ಯುಪಿಐ ಲೈಟ್’ನಲ್ಲಿ 5,000 ರೂಪಾಯಿ ತನಕ ಇಡಬಹುದಾದರೂ ಐನೂರಕ್ಕಿಂತ ಹೆಚ್ಚು ತುಂಬಬೇಡಿ. ಲಾಕ್ ತೆರೆದ ಫೋನ್ ಬೇರೆಯವರ ಕೈಗೆ ಸಿಕ್ಕರೆ ಮೊದಲು ಹೋಗುವುದು ಆ ಹಣ.

ಇನ್ನು ಎಚ್ಚರಿಕೆಗಳು. ಇವು ದಿನವೂ ನಡೆಯುವಂಥವು.

ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಹಳೆಯ ಸೈಕಲ್ ಕೊಳ್ಳಲು ಬಂದವರು ‘ದುಡ್ಡು ಹಾಕ್ತೀನಿ, ಪಿನ್ ಒತ್ತಿ’ ಎಂದರೆ ಅಲ್ಲಿಗೇ ಮಾತು ಮುಗಿಸಿ.

ವಾಟ್ಸ್‌ಆ್ಯಪ್‌ನಲ್ಲಿ ‘ಮದುವೆ ಆಮಂತ್ರಣ’, ‘ಟ್ರಾಫಿಕ್ ದಂಡ’ ಎಂಬ ಹೆಸರಿನಲ್ಲಿ ಬರುವ ಕಡತದ ಕೊನೆಯಲ್ಲಿ ‘.ಎಪಿಕೆ’ ಇದ್ದರೆ ಅದು ಚಿತ್ರವಲ್ಲ, ಆ್ಯಪ್. ಅದನ್ನು ಸ್ಥಾಪಿಸಿ ಎಸ್‌ಎಂಎಸ್ ಅನುಮತಿ ಕೊಟ್ಟರೆ ನಿಮ್ಮ ಒಟಿಪಿಗಳು ಇನ್ನೊಬ್ಬರಿಗೆ ಹೋಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ, ವಾಟ್ಸ್‌ಆ್ಯಪ್, ಟೆಲಿಗ್ರಾಂ, ಕ್ರೋಮ್ ಎಲ್ಲಕ್ಕೂ ‘ಅನುಮತಿ ಇಲ್ಲ’ ಎಂದು ಮಾಡಿ.

ವಿಡಿಯೊ ಲೈಕ್ ಮಾಡಿದರೆ ದುಡ್ಡು ಎನ್ನುವವರು ಮೊದಲು ನೂರಿನ್ನೂರು ಹಾಕಿಯೂ ಬಿಡುತ್ತಾರೆ. ಆಮೇಲೆ ‘ಪ್ರೀಮಿಯಂ ಟಾಸ್ಕ್’ಗೆ ನೀವು ಕಟ್ಟಬೇಕು. ಕಟ್ಟಿದ್ದು ವಾಪಸ್ ಬರುವುದಿಲ್ಲ.

ವಿದ್ಯಾರ್ಥಿಗಳು ಅರಿಯದೆ ಬೀಳುವ ದೊಡ್ಡ ಹೊಂಡ ಮಾತ್ರ ಬೇರೆ. ‘ನಿನ್ನ ಖಾತೆಗೆ ಹಣ ಬರುತ್ತೆ, ತೆಗೆದು ಕೊಡು, ಕಮಿಷನ್ ಇಟ್ಕೋ’ ಎಂದು ಸೀನಿಯರ್ ಒಬ್ಬ ಕೇಳುತ್ತಾನೆ. ಇಲ್ಲವೇ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಸೇರಿಸಿ ಖಾತೆಯನ್ನೇ ಬಾಡಿಗೆಗೆ ಕೇಳುತ್ತಾನೆ. ಇದಕ್ಕೆ ಮ್ಯೂಲ್ ಖಾತೆ ಎನ್ನುತ್ತಾರೆ, ಅಂದರೆ ವಂಚನೆಯ ಹಣ ಸಾಗಿಸುವ ಖಾತೆ. ಪೊಲೀಸರು ಹಣದ ಜಾಡು ಹಿಡಿದು ಮೊದಲು ತಲುಪುವುದು ಖಾತೆಯ ಒಡೆಯನನ್ನೇ. ಖಾತೆ ಸ್ಥಗಿತವಾಗುತ್ತದೆ, ಪ್ರಕರಣದಲ್ಲಿ ಹೆಸರೂ ಸೇರುತ್ತದೆ. ಐದು ಸಾವಿರದ ಆಸೆಗೆ ಪಾಸ್‌ಪೋರ್ಟ್, ಕೆಲಸ ಎರಡಕ್ಕೂ ತೊಡಕು.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದೇಶದಾದ್ಯಂತ ನಿಷೇಧಿಸಿದೆ. ಈಗಲೂ ಟೆಲಿಗ್ರಾಂನಲ್ಲಿ ಅಂಥ ಆಟದ ಕೊಂಡಿ ಕಳುಹಿಸುವವರಿದ್ದಾರೆ. ಹಣ ಹೋದರೆ ಅವರ ಮೇಲೆ ದೂರು ಕೊಟ್ಟು ವಾಪಸ್ ಪಡೆಯಬಹುದೆಂದು ನಂಬಿಕೊಂಡು ಕಟ್ಟಬೇಡಿ. ಇನ್ನು ಸಾಲದ ಆ್ಯಪ್: ರಿಸರ್ವ್ ಬ್ಯಾಂಕಿನ ನಿಯಮದಂತೆ ಅವು ನಿಮ್ಮ ಸಂಪರ್ಕ ಪಟ್ಟಿ, ಫೋಟೊಗಳನ್ನು ನೋಡುವಂತಿಲ್ಲ. ಆ ಅನುಮತಿ ಕೇಳಿದ ಗಳಿಗೆಯಲ್ಲೇ ಅಳಿಸಿ.

ಹಣ ಹೋಯಿತೆಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅಪ್ಪನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ರಾತ್ರಿ ಕಳೆದರೆ ಹಣ ನಾಲ್ಕು ಖಾತೆ ದಾಟಿರುತ್ತದೆ. ಬೇಗ ತಿಳಿಸಿದರೆ ನಡುವೆಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕರೆ ಮಾಡುವಾಗ ಖಾತೆ ಸಂಖ್ಯೆ, ಮೊತ್ತ, ಸಮಯ, ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಕೈಲಿರಲಿ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ.

ಹಂತ 6: ಸಿಮ್, ಬೀಗ, ಕಾಗದಪತ್ರ

ಅಗ್ಗದ ಆಫರ್ ಬಂತೆಂದು ಹಳೆಯ ಸಿಮ್ ಬಿಸಾಡಿ ಹೊಸದು ಹಾಕಿಕೊಳ್ಳುವುದು ಸಾಮಾನ್ಯ. ಆಧಾರ್‌ಗೆ ಜೋಡಿಸಿದ್ದು ಹಳೆಯ ಸಂಖ್ಯೆಯಾಗಿದ್ದರೆ ಎಸ್‌ಎಸ್‌ಪಿ ಅರ್ಜಿಯ ಒಟಿಪಿ ಬರುವುದಿಲ್ಲ, ಕೊನೆಯ ದಿನಾಂಕ ಕಾಯುವುದಿಲ್ಲ. 90 ದಿನ ಬಳಕೆಯೇ ಇಲ್ಲದ ಸಂಖ್ಯೆಯನ್ನು ಕಂಪನಿ ನಿಲ್ಲಿಸಬಹುದು, ಮುಂದೆ ಅದು ಬೇರೆಯವರಿಗೆ ಹೋಗಬಹುದು. ಕಂಪನಿ ಬದಲಿಸಬೇಕಿದ್ದರೆ ಪೋರ್ಟ್ ಮಾಡಿಸಿ, ಸಂಖ್ಯೆ ಹಾಗೇ ಉಳಿಯುತ್ತದೆ. ವಿದ್ಯಾರ್ಥಿವೇತನ ಜಮೆಯಾಗಬೇಕಾದರೆ ಖಾತೆಗೆ ‘ಆಧಾರ್ ಸೀಡಿಂಗ್’ ಆಗಿರಬೇಕು, ಅಂದರೆ ಸರ್ಕಾರದ ಹಣ ಬರುವ ಖಾತೆಯಾಗಿ ಅದನ್ನು ಆಧಾರ್‌ಗೆ ಜೋಡಿಸಿರಬೇಕು. ಕೆವೈಸಿಗೆ ಆಧಾರ್ ಪ್ರತಿ ಕೊಟ್ಟರೆ ಅದಾಯಿತೆಂದಲ್ಲ, ಬ್ಯಾಂಕ್‌ನಲ್ಲಿ ಬೇರೆಯಾಗಿಯೇ ಕೇಳಿ.

ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ತಂದಿಟ್ಟುಕೊಳ್ಳಿ. ‘ಇಶ್ಯೂಡ್’ ವಿಭಾಗದಲ್ಲಿರುವುದು ಮಾತ್ರ ಮೂಲಪ್ರತಿಗೆ ಸಮ. ನೀವೇ ಫೋಟೊ ತೆಗೆದು ಏರಿಸಿದ್ದಕ್ಕೆ ಆ ಬೆಲೆ ಇಲ್ಲ.

ವಾಟ್ಸ್‌ಆ್ಯಪ್ ಮತ್ತು ಗೂಗಲ್ ಖಾತೆ ಎರಡಕ್ಕೂ ‘ಟು ಸ್ಟೆಪ್ ವೆರಿಫಿಕೇಶನ್’ ಹಾಕಿ, ಅಂದರೆ ಎರಡನೆಯ ಬೀಗ. ಗೂಗಲ್ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಫೋನಿನೊಳಗೇ ಇಟ್ಟರೆ ಫೋನ್ ಕಳೆದಾಗ ಅವೂ ಹೋದಂತೆ. *#06# ಒತ್ತಿ ಬರುವ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತು ಸಂಖ್ಯೆಯನ್ನೂ ಅಲ್ಲೇ ಬರೆಯಿರಿ. ಕಳೆದರೆ ಪೊಲೀಸ್ ದೂರು ಕೊಟ್ಟು ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಫೋನನ್ನೇ ಬಂದ್ ಮಾಡಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದೂ ಅಲ್ಲೇ ಕಾಣುತ್ತದೆ.

ಹಂತ 7: ಫೋಟೊ ಹಿಡಿದು ಹೆದರಿಸಿದರೆ

ಅಪರಿಚಿತ ಪ್ರೊಫೈಲ್, ಎರಡು ದಿನದ ಹರಟೆ, ಒಂದು ವಿಡಿಯೊ ಕರೆ, ಆಮೇಲೆ ‘ದುಡ್ಡು ಕೊಡದಿದ್ದರೆ ಎಲ್ಲರಿಗೂ ಕಳಿಸ್ತೀನಿ’. ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ. ಮಾತುಕತೆ ಅಳಿಸದೆ ಪ್ರೊಫೈಲ್ ಹೆಸರು, ಸಂಖ್ಯೆಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು ಬ್ಲಾಕ್ ಮಾಡಿ, ದೂರು ಕೊಡಿ. ಚಿತ್ರಗಳು ಹರಡದಂತೆ ತಡೆಯಲು ದೊಡ್ಡವರಿಗೆ ‘ಸ್ಟಾಪ್ ಎನ್‌ಸಿಐಐ’, 18ರ ಒಳಗಿನವರಿಗೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಗಳಿವೆ. ಚಿತ್ರವನ್ನು ಅವರಿಗೆ ಕಳಿಸಬೇಕಿಲ್ಲ, ಅದರ ಡಿಜಿಟಲ್ ಬೆರಳಚ್ಚು ಮಾತ್ರ ಹೋಗುತ್ತದೆ. ಮಕ್ಕಳ ಸಹಾಯವಾಣಿ 1098.

ಹಂತ 8: ನಿದ್ದೆ, ಕಣ್ಣು, ಕಿವಿ

13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಚಾರ್ಜರನ್ನು ಹಾಸಿಗೆಗೆ ಕೈ ಎಟುಕದ ಪ್ಲಗ್‌ಗೆ ಹಾಕಿ. ಅಲಾರಂ ಗಡಿಯಾರ ತರಲು ಹೇಳಿದ್ದು ಇದಕ್ಕೇ: ‘ಅಲಾರಂಗೆ ಬೇಕು’ ಎಂಬ ನೆಪದಲ್ಲೇ ಫೋನ್ ದಿಂಬಿನ ಕೆಳಗೆ ಬರುವುದು. ಓದುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ್ದನ್ನು, ಇಪ್ಪತ್ತು ಸೆಕೆಂಡ್ ನೋಡಿ. ಇಯರ್‌ಫೋನ್ ಶಬ್ದ ಶೇ 60 ದಾಟದಿರಲಿ. ಬಸ್ಸಿನ ಗದ್ದಲ ಮುಚ್ಚಲು ಹೆಚ್ಚಿಸುವುದೇ ಅಪಾಯ.

ಒಂದು ವಾರದ ನಂತರ

ಹಂತ 1ರ ಅಂಕಿಗಳನ್ನು ಮತ್ತೆ ಬರೆದು ಹಳೆಯದರ ಪಕ್ಕಕ್ಕಿಡಿ. ಇನ್‌ಸ್ಟಾಗ್ರಾಂ ಇಳಿದು ವಾಟ್ಸ್‌ಆ್ಯಪ್ ಸ್ಟೇಟಸ್ ಏರಿದ್ದರೆ ಜಾಗ ಬದಲಾಗಿದೆ, ಅಷ್ಟೇ. ಆಗ ಹಂತ 2ಕ್ಕೆ ವಾಪಸ್ ಹೋಗಿ. ಹೊಸ ಆ್ಯಪ್ ಹಾಕಿದಾಗ ನೋಟಿಫಿಕೇಶನ್ ಅನುಮತಿ ಕೇಳುತ್ತದೆ, ಮೊದಲ ಉತ್ತರ ‘ಬೇಡ’ ಎಂದಿರಲಿ. ಫೋನ್ ದೊಡ್ಡ ಅಪ್‌ಡೇಟ್ ಪಡೆದ ಮೇಲೂ ಒಮ್ಮೆ ಪರೀಕ್ಷಿಸಿ.

ಇಷ್ಟೆಲ್ಲ ಮಾಡಿಯೂ ಊಟ, ನಿದ್ದೆ, ತರಗತಿ ತಪ್ಪುತ್ತಿದ್ದರೆ, ಫೋನ್ ಕಿತ್ತುಕೊಂಡರೆ ಕೈ ಮಾಡುವಷ್ಟು ಸಿಟ್ಟು ಬರುತ್ತಿದ್ದರೆ ಅದು ಸೆಟ್ಟಿಂಗ್‌ಗಳಿಂದ ಬಗೆಹರಿಯುವಂಥದ್ದಲ್ಲ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ವರ್ಗೀಕರಣದಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ ಶುರುವಾಯಿತು. ದೂರದ ಊರಿನವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಬಹುದು. ಸಂಖ್ಯೆ 14416, ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.